ಸರೋಜಕ್ಕನ ಪಾವಿಗೆ ಬಂದವರು

ಹೋದ ವಾರ ನನ್ನ ಫೋನು, ನಾನು ಕೇಳದೆಯೇ, ನನಗೊಂದು ನೆನಪನ್ನು ತಯಾರಿಸಿಕೊಟ್ಟಿತು. ಹಳೆಯ ಚಿತ್ರಗಳನ್ನೂ ವಿಡಿಯೊಗಳನ್ನೂ ತಾನೇ ಆರಿಸಿ, ಬೇಡದ ಕಡೆ ಕತ್ತರಿಸಿ, ಹಿನ್ನೆಲೆಗೆ ಪಿಯಾನೊ ಸೇರಿಸಿ, 'ನೆಗಮಂ: ಒಂದು ಮಳೆಗಾಲ' ಎಂದು ಹೆಸರನ್ನೂ ಇಟ್ಟಿತ್ತು. ಅದರಲ್ಲಿ ಬೀದಿಯುದ್ದಕ್ಕೂ ಎಳೆದು ಕಟ್ಟಿದ ನೂಲಿದೆ. ನೂಲಿನ ಮೇಲೆ ಹನಿ ಬೀಳುತ್ತಿದೆ. ನಡುವೆ ಸರೋಜಕ್ಕ ಎರಡೂ ಕೈ ಎತ್ತಿ ನಿಂತಿದ್ದಾಳೆ. ದನಿ ತೆಗೆದು ಪಿಯಾನೊ ಹಾಕಿರುವುದರಿಂದ ಅವಳು ದೇವರನ್ನು ಕರೆಯುತ್ತಿರುವ ಹಾಗೆ ಕಾಣುತ್ತದೆ. ನಿಜಕ್ಕೂ ಅವಳು ಆಗ ಇಡೀ ಬೀದಿಯ ಮಗ್ಗಗಳಿಗೆ ಗೆದ್ದಲು ಹಿಡಿಯಲಿ ಎಂದು ಶಪಿಸುತ್ತಿದ್ದಳು.

ಫೋನನ್ನು ಬೈಯಲಾರೆ. ನನ್ನ ನೆನಪೂ ಇದೇ ಕೆಲಸ ಮಾಡುತ್ತದೆ, ಪಿಯಾನೊ ಒಂದಿಲ್ಲ ಅಷ್ಟೆ. ಆ ಆರು ವಾರಗಳನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ, ಪ್ರತಿ ಸಲವೂ ನಾನು ಹಿಂದಿನ ಸಲಕ್ಕಿಂತ ಸ್ವಲ್ಪ ಒಳ್ಳೆಯವಳಾಗಿದ್ದೇನೆ. ಈ ಸಲ ಹಾಗಾಗದಂತೆ ನೋಡಿಕೊಳ್ಳಬೇಕು.

ಅಮ್ಮನ ಕಣ್ಣಿನ ಪೊರೆ ತೆಗೆಸಿದ್ದೆವು. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ ಹಾಕಬೇಕು, ಆರು ವಾರ. ಹಾಗಾಗಿ ಕೊಯಮತ್ತೂರಿನ ಕೆಲಸಕ್ಕೆ ರಜೆ ಹಾಕಿ, ಪೊಳ್ಳಾಚಿ ಬಳಿಯ ನಮ್ಮೂರು ನೆಗಮಂಗೆ ಬಂದಿದ್ದೆ. ದೀಪಾವಳಿ ಮುಗಿದ ಮೇಲಿನ ದಿನಗಳು. ಆ ಕಡೆ ಮಳೆ ಬರುವುದು ಆಗಲೇ. ಬೆಳಗ್ಗೆ ಬಾನು ತೊಳೆದಿಟ್ಟ ತಟ್ಟೆಯ ಹಾಗಿರುತ್ತದೆ, ಮಧ್ಯಾಹ್ನ ಆನೆಮಲೆಯ ದಿಕ್ಕಿನಿಂದ ಕಪ್ಪು ಏರಿ ಬರುತ್ತದೆ. ಕೆಲವು ದಿನ ಹೇಳದೆ ಕೇಳದೆ ಬೆಳಗ್ಗೆಯೇ ಬಂದುಬಿಡುತ್ತದೆ.

ನಮ್ಮದು ಎಂದೋ ಕನ್ನಡನಾಡಿನಿಂದ ಬಂದು ನೆಲೆಸಿದ ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಬಸ್ಸಿಗೆ, ಶಾಲೆಗೆ, ನೂಲು ಕೊಡುವ ವ್ಯಾಪಾರಿಗೆ, ದೇವರ ಅರ್ಚಕರಿಗೆ ತಮಿಳು. ಜಗಳಕ್ಕೆ, ಸಾವಿಗೆ, ಮಕ್ಕಳನ್ನು ಮಲಗಿಸುವುದಕ್ಕೆ ಕನ್ನಡ. ಕನ್ನಡದ ಅಕ್ಷರ ಮಾತ್ರ ಬೀದಿಯಲ್ಲಿ ಯಾರಿಗೂ ಬರುವುದಿಲ್ಲ. ನಾನು ಕಲಿತದ್ದು ಮದುವೆಯಾಗಿ ಕೆಲವು ವರ್ಷ ಮೈಸೂರಿನಲ್ಲಿದ್ದಾಗ. ಇದನ್ನು ಹೇಳಲೇಬೇಕು, ಯಾಕೆಂದರೆ ನಾನು ಮಾಡಿದ ತಪ್ಪು ಅಕ್ಷರ ಬರುವವಳು ಮಾತ್ರ ಮಾಡಬಹುದಾದ ತಪ್ಪು.

ಪಾವು ಎಂದರೆ ಮಗ್ಗದಲ್ಲಿ ಉದ್ದಕ್ಕೆ ಬರುವ ನೂಲು, ಕನ್ನಡನಾಡಿನವರು ಹಾಸು ಅನ್ನುತ್ತಾರೆ. ಮಗ್ಗಕ್ಕೆ ಏರಿಸುವ ಮುಂಚೆ ಅದನ್ನು ಬೀದಿಯುದ್ದಕ್ಕೂ ಎಳೆದು, ಬಿದಿರಿನ ಕಾಲುಗಳ ಮೇಲೆ ಮಲಗಿಸಿ, ಗಂಜಿ ಚಿಮುಕಿಸಿ, ದೊಡ್ಡ ಕುಂಚಗಳಿಂದ ಬಾಚಬೇಕು. ಬಿಸಿಲು ಏರುವ ಮುಂಚೆ ಮುಗಿಯಬೇಕು. ಗಂಜಿ ಬೇಗ ಒಣಗಿದರೆ ನೂಲು ಕಡ್ಡಿಯಾಗಿ ಮುರಿಯುತ್ತದೆ. ಒಣಗದೆ ನಿಂತರೆ ಎಳೆಗೆ ಎಳೆ ಅಂಟಿ, ಇಡೀ ಪಾವು ಹಗ್ಗವಾಗುತ್ತದೆ. ಗಂಜಿ ಬಿದ್ದ ಮೇಲೆ ನಿಲ್ಲಿಸುವ ಹಾಗಿಲ್ಲ. ಎಂಟು ಹತ್ತು ಜನ ಬೇಕು. ಕೂಲಿಯ ಮಾತಿಲ್ಲ. ಇವತ್ತು ಈ ಮನೆಯ ಪಾವು, ಇನ್ನೊಂದು ದಿನ ಆ ಮನೆಯದು. ಯಾರ ಪಾವೋ ಅವರ ಮನೆಯಲ್ಲಿ ಕೊನೆಗೆ ಎಲ್ಲರಿಗೂ ಕಾಪಿ. ಮಾತು ಬಿಟ್ಟವರೂ ಬರುತ್ತಾರೆ, ಮಾತಾಡದೆ ಬಾಚಿ, ಮಾತಾಡದೆ ಕಾಪಿ ಕುಡಿದು ಹೋಗುತ್ತಾರೆ.

ಹಿಂದಿನ ಸಂಜೆ ಮನೆಮನೆಗೆ ಹೋಗಿ ಹೇಳಿ ಬರುವುದು ನಮ್ಮ ರಂಗಸಾಮಿ ಮಾವನ ಕೆಲಸ, ಅಮ್ಮನ ತಮ್ಮ. ಯಾರೂ ಅವನಿಗೆ ವಹಿಸಿದ್ದಲ್ಲ. ಬಾಗಿಲಲ್ಲಿ ನಿಂತು "ನಾಳೆ ಇಂಥವರ ಪಾವು" ಅನ್ನುತ್ತಾನೆ, ಒಳಗಿನವರು "ಸರಿಂಗ ಮಾವ" ಅನ್ನುವತನಕ ಕದಲುವುದಿಲ್ಲ. ಆ ವರ್ಷ ಅವನ ಮಂಡಿ ನೋಯುತ್ತಿತ್ತು. ನನಗೆ ಕನಿಕರ ಹುಟ್ಟಿತು. ಒಂದು ವಾಟ್ಸ್ಯಾಪ್ ಗ್ರೂಪ್ ಮಾಡಿ ಬೀದಿಯ ಎಲ್ಲರ ನಂಬರನ್ನೂ ಸೇರಿಸಿದೆ.

"ನನ್ನ ಕಾಲಿಗೆ ರಿಟೈರ್ಮೆಂಟ್ ಕೊಟ್ಬಿಟ್ಟೆ ಅನ್ನು, ಅಮ್ಮಣಿ," ಅಂದ ಮಾವ.

"ಸಂತೋಷ ಪಡು ಮಾವ."

"ಪಡ್ತೀನಿ. ಪೆನ್ಶನ್ ಎಷ್ಟು?"

ಮೊದಲ ಎರಡು ಪಾವಿಗೆ ಗ್ರೂಪ್ ಚೆನ್ನಾಗಿಯೇ ಕೆಲಸ ಮಾಡಿತು. ನಾನು ತಮಿಳಿನಲ್ಲಿ ಒಂದು ಸಾಲು ಹಾಕುತ್ತಿದ್ದೆ. ಪಟಪಟನೆ ಹೆಬ್ಬೆರಳುಗಳು ಏಳುತ್ತಿದ್ದವು. ಬೆಳಗ್ಗೆ ಎದ್ದು ನೋಡಿದರೆ ಹೆಬ್ಬೆರಳು ಎತ್ತಿದಷ್ಟು ಜನ ಇರುತ್ತಿರಲಿಲ್ಲ, ಆದರೂ ಸಾಕಾಗುವಷ್ಟು ಇರುತ್ತಿದ್ದರು. ನಮ್ಮ ಪಕ್ಕದ ಮನೆಯ ಸರೋಜಕ್ಕನ ಬಳಿ ಮಾತ್ರ ಗುಂಡಿ ಒತ್ತುವ ಹಳೆಯ ಫೋನಿತ್ತು. ಅವಳಿಗೆ ಎದುರು ಮನೆಯ ಕಮಲತ್ತೆ ಬೀದಿಯಾಚೆಯಿಂದ ಕೂಗಿ ಹೇಳುತ್ತಿದ್ದಳು.

ಸರೋಜಕ್ಕನಿಗೆ ಆಗ ಐವತ್ತರ ಹತ್ತಿರ. ಗಂಡ ಸತ್ತು ಬಹಳ ದಿನವಾಗಿತ್ತು. ಮನೆಯಲ್ಲಿ ಅವಳು, ಅವಳ ನಾದಿನಿ, ಒಂದೇ ಮಗ್ಗ. ಮೂರನೆಯ ಪಾವು ಅವಳದು. ಅವಳು ಮಾವನಿಗೆ ಹೇಳಿದಳು, ಮಾವ ನನಗೆ ಹೇಳಿದ, ನಾನು ಗ್ರೂಪಿಗೆ ಹೇಳಿದೆ. ಸಂಜೆ ಫೋನಿನಲ್ಲಿ ಹವಾಮಾನ ನೋಡಿದರೆ ಮಾರನೆಯ ಬೆಳಗ್ಗೆಗೆ ಮಳೆಯ ಗುರುತು. ತಕ್ಷಣ ಇನ್ನೊಂದು ಸಾಲು ಹಾಕಿದೆ: ನಾಳೆ ಮಳೆ, ಪಾವು ಇನ್ನೊಂದು ದಿನ. ಹೆಬ್ಬೆರಳುಗಳು ಎದ್ದವು. ಯಾರ ಪಾವನ್ನು ನಿಲ್ಲಿಸಿದೆನೋ ಅವಳಿಗೆ ಮಾತ್ರ ಯಾರೂ ಹೇಳಲಿಲ್ಲ. ಕಮಲತ್ತೆ ಎಂದಿನಂತೆ ಕೂಗಿ ಹೇಳಿರುತ್ತಾಳೆ ಎಂದು ನಾನು ತಿಳಿದೆ. ಸರೋಜಕ್ಕನನ್ನು ಕೇಳಿಯೇ ನಾನು ಹಾಕಿದ್ದೇನೆ ಎಂದು ಕಮಲತ್ತೆ ತಿಳಿದಳು. ಮಾವನ ಕಾಲು ವಿಶ್ರಾಂತಿಯಲ್ಲಿತ್ತು. ಗೋಡೆಯಾಚೆಗೆ ಸರೋಜಕ್ಕ ಗಂಜಿ ಕಾಯಿಸುತ್ತಿದ್ದಳು.

ಬೆಳಗ್ಗೆ ನಾನು ಎದ್ದಾಗ ಪಾವು ಬೀದಿಯಲ್ಲಿತ್ತು. ಬಾನು ತಿಳಿಯಾಗಿತ್ತು. ಸರೋಜಕ್ಕನೂ ನಾದಿನಿಯೂ ಆಗಲೇ ಗಂಜಿ ಚಿಮುಕಿಸಿ ಬಾಚಲು ಶುರುಮಾಡಿದ್ದರು. ಜನ ಈಗ ಬರುತ್ತಾರೆ, ಈಗ ಬರುತ್ತಾರೆ ಎಂಬ ನಂಬಿಕೆಯಲ್ಲಿ. ಆ ಕ್ಷಣದಲ್ಲಿ ನಾನು ಬಾಗಿಲುಗಳನ್ನು ಬಡಿಯಬೇಕಿತ್ತು. ನಾನು ಮಾಡಿದ್ದು ಇದು: ಎಳೆಬಿಸಿಲಿನ ಆ ಬೆಳಕು ಒದ್ದೆ ನೂಲಿನ ಮೇಲೆ ಚೆನ್ನಾಗಿ ಬಿದ್ದಿತ್ತು, ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿ ವಿಡಿಯೊ ಒತ್ತಿ, ಆಮೇಲೆ ಕುಂಚ ಹಿಡಿಯಲು ಹೋದೆ.

ಮಳೆ ಬಂತು. ನನ್ನ ನೆನಪಿನಲ್ಲಿ ಅದು ಧೋ ಎಂದು ಸುರಿದ ಮಳೆ. ವಿಡಿಯೊದಲ್ಲಿ ತುಂತುರು, ಅಷ್ಟೆ. ಆದರೆ ಹಸಿ ಗಂಜಿಯ ನೂಲಿಗೆ ತುಂತುರೇ ಸಾಕು. ಮೂರು ಜನ ಅಷ್ಟುದ್ದದ ಪಾವನ್ನು ಎತ್ತಿ ಒಳಗೆ ಒಯ್ಯಲಾಗುವುದಿಲ್ಲ. ಒಣಹಾಕಿದ ಬಟ್ಟೆ ತೆಗೆಯಲು ಹೊರಬಂದವರು ಬಾಗಿಲಲ್ಲೇ ಬೆಪ್ಪಾಗಿ ನಿಂತರು. ಸರೋಜಕ್ಕ ಕೈ ಎತ್ತಿದಳು.

"ಏಯ್ ಕಮಲಾ! ನಿಂತು ವೇಡಿಕ್ಕೆ ನೋಡ್ತೀಯಾ, ತಮಾಷೇನಾ ಇದು? ನಿನ್ನ ಪಾವಿಗೆ ನಾನು ಜ್ವರದಲ್ಲಿ ಬಂದಿದ್ನಲ್ಲೇ! ಈ ಬೀದೀಲಿ ಒಬ್ರಿಗೂ ಕೈ ಇಲ್ವಾ? ಉಣ್ಣೋಕೆ ಮಾತ್ರ ಇದೆಯಾ ಕೈ? ನಿಮ್ಮ ಮಗ್ಗಕ್ಕೆಲ್ಲ ಗೆದ್ದಲು ಹಿಡೀಲಿ!"

ವಿಡಿಯೊ ಅಲ್ಲಿಗೆ ಮುಗಿಯುತ್ತದೆ. ಕೊನೆಯಲ್ಲಿ ತೆರೆಯ ತುಂಬ ಒಂದು ಅಂಗೈ. ಅದು ನನ್ನದು. ಪಾವನ್ನು ಬಿಟ್ಟು ಓಡಿ ಬಂದು ಮಳೆಯಿಂದ ನಾನು ಮೊದಲು ಉಳಿಸಿದ್ದು ಫೋನನ್ನು.

ಅದಾದ ಮೇಲೆ ನಡೆದದ್ದು ವಿಡಿಯೊದಲ್ಲಿ ಇಲ್ಲ. ಕಮಲತ್ತೆ ತಾರ್ಪಾಲು ಹೊತ್ತು ಓಡಿ ಬಂದಳು, ಹಿಂದೆ ಇನ್ನೂ ನಾಲ್ಕೈದು ಜನ. ತಡವಾಗಿತ್ತು. ನೂಲು ಅಂಟಿ ಹೋಗಿತ್ತು. ಆದರೆ ಬಂದಿದ್ದರು.

ಆ ಮಧ್ಯಾಹ್ನ ಸರೋಜಕ್ಕ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂತಿದ್ದಳು. ನೂಲು ಕೊಡುವ ವ್ಯಾಪಾರಿ ಬಂದು ಹಾಳಾದದ್ದನ್ನು ನೋಡಿ, ಇನ್ನೊಂದು ಪಾವು ಕೊಡ್ತೀನಿ, ಅದೂ ಹೀಗಾದರೆ ಆಮೇಲೆ ನನ್ನನ್ನು ಕೇಳಬೇಡ ಎಂದು ಹೇಳಿ ಹೋಗಿದ್ದ. ಅವಳ ಮುಖ ನೋಡಲಾಗಲಿಲ್ಲ. ಅವಳಿಗಾಗಿ ಏನಾದರೂ ಮಾಡಬೇಕು ಅನ್ನಿಸಿತು. ವಿಡಿಯೊವನ್ನು ಫೇಸ್‌ಬುಕ್ಕಿಗೆ ಹಾಕಿದೆ. ಮೇಲೆ ಕನ್ನಡದಲ್ಲಿ ಬರೆದೆ: ಒಂಟಿ ಹೆಂಗಸಿನ ಪಾವು ಮಳೆಗೆ ಹೋಯಿತು, ಇಡೀ ಬೀದಿಯಲ್ಲಿ ಒಬ್ಬರೂ ಕೈ ನೀಡಲಿಲ್ಲ.

ನನ್ನ ಸಂದೇಶದ ಬಗ್ಗೆ ಬರೆಯಲಿಲ್ಲ. ತಾರ್ಪಾಲಿನ ಬಗ್ಗೆಯೂ ಬರೆಯಲಿಲ್ಲ. ಮರೆತೆ ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದಿದ್ದೇನೆ. ಮರೆತಿರಲಿಲ್ಲ. ಬರೆದರೆ ವಾಕ್ಯ ಕೆಡುತ್ತಿತ್ತು.

ಎರಡು ದಿನದಲ್ಲಿ ಅದು ನನಗೆ ಗೊತ್ತಿಲ್ಲದ ಊರುಗಳನ್ನೆಲ್ಲ ಮುಟ್ಟಿತು. ದಾವಣಗೆರೆಯಿಂದ ಒಬ್ಬ ಅಜ್ಜ, ದುಬೈಯಿಂದ ಒಬ್ಬ ನರ್ಸು, ಹುಬ್ಬಳ್ಳಿಯ ಒಂದು ಮಹಿಳಾ ಸಂಘ. ಎಲ್ಲರೂ ಸರೋಜಕ್ಕನಿಗೆ ಏನಾದರೂ ಕಳಿಸಬೇಕೆಂದವರೇ. ಆ ಒಳ್ಳೆಯತನ ಸುಳ್ಳಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಆ ನರ್ಸು, ಅಕ್ಕ ಊಟ ಮಾಡಿದರಾ ಎಂದಷ್ಟೇ ಬರೆದಿದ್ದಳು. ಅದನ್ನು ನಾನು ಸರೋಜಕ್ಕನಿಗೆ ಓದಿ ಹೇಳಿದೆ.

"ಯಾರು ಅವಳು?"

"ಗೊತ್ತಿಲ್ಲ ಅಕ್ಕ. ದುಬೈಯಲ್ಲಿದ್ದಾಳೆ."

"ಆಯ್ತು ಅಂತ ಹೇಳು. ರಸಂ ಅಂತ ಹೇಳು. ಅಷ್ಟು ದೂರದಿಂದ ಕೇಳ್ತಾಳೆ, ನೋಡು," ಅಂದಳು. ಆಮೇಲೆ, "ಬೇರೆಯೋರ್ಗೆ ಏನೂ ಕಳಿಸ್ಬ್ಯಾಡಿ ಅಂತ ಹೇಳು. ನಂಗೆ ಬೇಕಾದ್ದು ಹತ್ತು ಜನ, ಬೆಳಗ್ಗೆ ಆರು ಗಂಟೆಗೆ. ಅದು ಪಾರ್ಸಲ್‌ನಲ್ಲಿ ಬರಲ್ಲ."

ಅದೇ ವಿಡಿಯೊದ ಕೆಳಗೆ ಮೂರನೆಯ ದಿನ ಯುದ್ಧ ಶುರುವಾಯಿತು. ಅವಳು ಬೈದದ್ದು ಕನ್ನಡದಲ್ಲಿ, ಊರು ತಮಿಳುನಾಡಿನದು. ಅಷ್ಟು ಸಾಕಾಯಿತು. ನೋಡಿ, ಅಲ್ಲಿ ನಮ್ಮವರ ಗತಿ ಎಂದು ಈ ಕಡೆಯವರು. ನಮ್ಮ ನೆಲದಲ್ಲಿದ್ದು ನಮ್ಮನ್ನೇ ಬೈಯುತ್ತಾಳೆ, ಅವಳ ಊರಿಗೆ ಹೋಗಲಿ ಎಂದು ಆ ಕಡೆಯವರು. ಅವಳ ಊರು ನೆಗಮಂ. ಬೈಸಿಕೊಂಡ ಬೀದಿಯವರೆಲ್ಲ ಮನೆಯಲ್ಲಿ ಕನ್ನಡ ಆಡುವವರೇ. ಇದನ್ನು ನಾನು ಬರೆದರೂ ಯಾರೂ ಓದಲಿಲ್ಲ. ಮಧ್ಯೆ ಒಂದು ದಿನ ಮಧುರೈಯ ಹೆಂಗಸೊಬ್ಬಳು ಏನೂ ಹೇಳದೆ ತನ್ನ ಅಜ್ಜಿಯ ಮಗ್ಗದ ಫೋಟೊ ಹಾಕಿದಳು. ಅದರ ಕೆಳಗೆ ಇಳಕಲ್ಲಿನ ಒಬ್ಬ ತನ್ನ ತಾಯಿಯ ಮಗ್ಗ. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಅರ್ಧ ದಿನ ಬರೀ ಮಗ್ಗಗಳು, ಮುದುಕಿಯರ ಕೈಗಳು. ಬೈದುಕೊಂಡವರೂ ಒಬ್ಬರ ಅಜ್ಜಿಯನ್ನು ಇನ್ನೊಬ್ಬರು ಹೊಗಳಿದರು. ನಾನು ಊಟ ಬಿಟ್ಟು ನೋಡುತ್ತಾ ಕೂತಿದ್ದೆ. ಸಂಜೆಗೆ ಯಾರೋ ಕಾವೇರಿ ನೀರು ಅಂದರು, ಮತ್ತೆ ಶುರುವಾಯಿತು.

ಇಂಟರ್ನೆಟ್ಟು ಜನರನ್ನು ಒಳ್ಳೆಯವರನ್ನಾಗಿ ಮಾಡುತ್ತದೆಯೇ, ಶಾಂತಿ ತರುತ್ತದೆಯೇ ಎಂದು ಯಾರಾದರೂ ಚರ್ಚೆ ಎತ್ತಿದಾಗಲೆಲ್ಲ ನನಗೆ ಆ ಅರ್ಧ ದಿನ ನೆನಪಾಗುತ್ತದೆ. ಅದು ಇತ್ತು. ಆದರೆ ಅಷ್ಟೇ ಇತ್ತು. ನಾನು ಹಾಕಿದ್ದನ್ನು ಆಮೇಲೆ ಅಳಿಸಿಬಿಟ್ಟದ್ದರಿಂದ ತೋರಿಸಲು ನನ್ನ ಬಳಿ ಈಗ ಒಂದು ಮಗ್ಗವೂ ಇಲ್ಲ.

ಐದನೆಯ ದಿನ ಕಮಲತ್ತೆ ನಮ್ಮ ತಿಣ್ಣೆಗೆ, ಅಂದರೆ ಜಗಲಿಗೆ, ಬಂದಳು. ಪೊಳ್ಳಾಚಿಯಲ್ಲಿರುವ ಮಗಳು ಫೋನ್ ಮಾಡಿ, ಏನಮ್ಮ ನಿನ್ನನ್ನ ಊರೆಲ್ಲ ನೋಡ್ತಿದೆ ಅಂದಿದ್ದಳಂತೆ. ಅವಳ ಹಿಂದೆ ಬೀದಿಯ ಅರ್ಧ ಜನ. ಕಮಲತ್ತೆ ತನ್ನ ಫೋನನ್ನು ನನ್ನ ಮುಂದೆ ಹಿಡಿದಳು.

"ಇದ್ರಲ್ಲಿ ಮೇಲೆ ಏನೋ ಬರ್ದಿದ್ದೀಯಲ್ಲ. ನಮಗೆ ಓದೋಕೆ ಬರಲ್ಲ. ನೀನೇ ಓದು."

ಓದಿದೆ. ಓದುತ್ತಾ ಬದಲಾಯಿಸಿದೆ. 'ಒಬ್ಬರೂ ಕೈ ನೀಡಲಿಲ್ಲ' ಎಂಬ ಕಡೆ 'ಕೈ ಸಾಲದೆ ಹೋಯಿತು' ಎಂದೆ. ಅಕ್ಷರ ಬಾರದವರ ಮುಂದೆ ಅಕ್ಷರ ಬಲ್ಲವಳು ಮಾಡುವ ಮೋಸ ಎಷ್ಟು ಸುಲಭ ಎಂದು ಆವತ್ತು ಗೊತ್ತಾಯಿತು. ಎಷ್ಟು ಕಷ್ಟ ಎಂಬುದೂ.

ಕಮಲತ್ತೆ ನನ್ನನ್ನೇ ನೋಡುತ್ತಿದ್ದಳು. "ನಿನ್ನ ಮೊಗ ಓದೋಕೆ ಅಕ್ಷರ ಬೇಕಾ ಅಮ್ಮಣಿ? ಸರಿ ಬಿಡು. ನಾನು ತಾರ್ಪಾಲು ತಗೊಂಡು ಓಡಿ ಬಂದ್ನಲ್ಲ, ಅದೆಲ್ಲಿ ಇದ್ರಲ್ಲಿ?"

"ಅಷ್ಟೊತ್ತಿಗೆ ಫೋನ್ ನಿಂತಿತ್ತು ಅತ್ತೆ."

"ಫೋನ್ ನಿಂತ್ರೆ ನಾನೂ ನಿಂತ್ನಾ?"

ಯಾರೋ ನಕ್ಕರು. ಕಮಲತ್ತೆ ನಗಲಿಲ್ಲ. ಸರೋಜಕ್ಕನ ಮುಚ್ಚಿದ ಬಾಗಿಲಿನ ಕಡೆ ತಿರುಗಿ, ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದಳು: "ಲೋಕಕ್ಕೆಲ್ಲ ಕೈ ಇದೆಯಂತೆ. ನಮಗೇ ಇಲ್ಲವಂತೆ. ಮುಂದಿನ ಪಾವಿಗೆ ಲೋಕ ಬರ್ಲಿ."

ಆ ಬೀದಿಯಲ್ಲಿ ಹಾಗೆ ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮಾತು ಬಿಡುವುದು ಬೇರೆ, ಪಾವು ಬಿಡುವುದು ಬೇರೆ. ಒಳಗೆ ಬಂದಾಗ ಅಮ್ಮ ಒಂದು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಕೂತಿದ್ದಳು. "ಅದನ್ನ ತೆಗಿ ಮೊದಲು," ಅಂದಳು. ತೆಗೆದೆ. ನಾನು ತೆಗೆದದ್ದು ನನ್ನದನ್ನು. ಬೇರೆಯವರು ಇಳಿಸಿಕೊಂಡು ಹಂಚಿದ್ದು ಹಾಗೇ ಓಡಾಡುತ್ತಿತ್ತು.

ವ್ಯಾಪಾರಿಯ ಎರಡನೆಯ ಪಾವು ಬಂತು. ಮುಂದಿನ ಭಾನುವಾರ ಬೆಳಗ್ಗೆ ಎಳೆಯುವುದೆಂದು ಸರೋಜಕ್ಕ ತೀರ್ಮಾನಿಸಿದಳು. ಶನಿವಾರ ಸಂಜೆ ನಾನು ಮಾವನ ಹತ್ತಿರ ಹೋದೆ.

"ಹೇಳಿ ಬಾ ಮಾವ."

"ನಾನು ರಿಟೈರ್ಡು. ನೀನು ಹೋಗು. ಕಾಲಿದೆಯಲ್ಲ?" ಅಂದ. ಆಮೇಲೆ ನಾನು ಮೆಟ್ಟಿಲು ಇಳಿಯುವಾಗ, "ಹೇಳಿ ಓಡಿ ಬರ್ಬ್ಯಾಡ. ಅವರು ಏನಾದ್ರೂ ಅನ್ನೋತನಕ ನಿಲ್ಲು," ಎಂದ.

ನಿಂತೆ. ಪ್ರತಿ ಬಾಗಿಲಲ್ಲೂ ಅದೇ ಮಾತು: ನಾಳೆ ಸರೋಜಕ್ಕನ ಪಾವು. ಆವತ್ತು ಬೇಡ ಅಂತ ಹಾಕಿದ್ದು ನಾನು, ಅವಳಿಗೆ ಹೇಳದೆ ಇದ್ದದ್ದೂ ನಾನು. ನಿಮ್ಮ ತಪ್ಪಿಲ್ಲ. ನಾನು ಬರೆದದ್ದು ಸುಳ್ಳು. ಹತ್ತನೆಯ ಬಾಗಿಲಿನ ಹೊತ್ತಿಗೆ ಆ ಮಾತು ಎಷ್ಟು ನಯವಾಗಿತ್ತೆಂದರೆ ನನಗೇ ಅನುಮಾನ ಬಂತು. ಯಾರೂ ಸರಿಂಗ ಅನ್ನಲಿಲ್ಲ. ಒಬ್ಬರು ತಲೆಯಾಡಿಸಿದರು, ಹೌದೋ ಅಲ್ಲವೋ ತಿಳಿಯಲಿಲ್ಲ. ಕಮಲತ್ತೆ ತರಕಾರಿ ಹೆಚ್ಚುತ್ತಾ ತಲೆ ಎತ್ತದೆ, "ಲೋಕಕ್ಕೆ ಹೇಳಿದ್ಯಾ?" ಅಂದಳು.

ಲೋಕಕ್ಕೆ ಹೇಳಿರಲಿಲ್ಲ. ಒಬ್ಬರಿಗೆ ಹೇಳಿದ್ದೆ. ವಿಡಿಯೊ ಇನ್ನೂ ಇದ್ದಾಗ ಒಬ್ಬ ನನ್ನ ನಂಬರು ಕೇಳಿ ಪಡೆದು ಫೋನ್ ಮಾಡಿದ್ದ. ಹೆಸರು ಹನುಮೇಶ, ರಾಯಚೂರು ಕಡೆಯವನು, ಗಂಡ ಹೆಂಡತಿ ಇಬ್ಬರೂ ತಿರುಪ್ಪೂರಿನಲ್ಲಿ ಒಂದು ಬನಿಯನ್ ಕಂಪನಿಯಲ್ಲಿ ಕೆಲಸಕ್ಕಿದ್ದರು. "ರೊಕ್ಕ ಕಳಸೂಣಂದ್ರ ನಮ್ಮ ಕಡೆ ಇಲ್ರೀ," ಅಂದಿದ್ದ. "ಐತವಾರ ಸೂಟಿ ಐತಿ. ಕೈ ಅದಾವ. ಅಕ್ಕಾರ ಪಾವು ಯಾವತ್ತಂತ ಹೇಳ್ರಿ ಸಾಕು." ದಿನ ಗೊತ್ತಾದ ಮೇಲೆ ಹೇಳಿದ್ದೆ. ಬರುತ್ತಾನೆಂದು ನಂಬಿರಲಿಲ್ಲ. ಅಂಥ ಎಷ್ಟೋ ಮಾತು ಆ ವಾರ ಕೇಳಿದ್ದೆ.

ಭಾನುವಾರ ಬೆಳಗ್ಗೆ ತಿರುಪ್ಪೂರಿನಿಂದ ಪಲ್ಲಡಂ ಹಾದು ಬರುವ ಮೊದಲ ಬಸ್ಸಿನಿಂದ ಅವರಿಬ್ಬರು ಇಳಿದು, ದಾರಿ ಕೇಳಿಕೊಂಡು ಬಂದರು. ಹನುಮೇಶ ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ. ಹೆಂಡತಿ ಗಂಗಮ್ಮ ಕೈಯಲ್ಲಿ ಒಂದು ಚೀಲ ಶೇಂಗಾ. ಸರೋಜಕ್ಕ ನಾದಿನಿಯ ಜೊತೆ ಪಾವಿನ ತುದಿ ಕಟ್ಟುತ್ತಿದ್ದಳು. ಗಂಗಮ್ಮ ನೇರ ಹೋಗಿ ಅವಳ ಕಾಲು ಮುಟ್ಟಿದಳು.

"ನಿಮ್ಮ ಬೈಗುಳ ಕೇಳಿ ನಮ್ಮವ್ವ ಬೈದಂಗಾತ್ರೀ. ಎರಡ್ ವರ್ಷಾತು ಯಾರೂ ಹಂಗ ಬೈದಿಲ್ಲ. ಅತ್ತಬಿಟ್ಟೆ."

ಸರೋಜಕ್ಕನಿಗೆ ಆ ಕನ್ನಡ ಅರ್ಧ ಅರ್ಥವಾಯಿತು. "ನನ್ನ ಬೈಗುಳಕ್ಕೆ ಅಳೋಕೆ ತಿರುಪ್ಪೂರಿಂದ ಬಂದ್ರಾ?" ಎಂದು ಮುಚ್ಚಿದ ಬಾಗಿಲುಗಳ ಕಡೆ ನೋಡಿದಳು. "ಇಲ್ಲಿ ಬೈಸ್ಕೊಂಡೋರು ಯಾರೂ ಅಳ್ಲಿಲ್ಲ, ನನ್ನ ಕಣ್ಣೇ."

ಐದು ಜನ. ಸಾಲದು. ಬಾನು ಮೂಡಣಕ್ಕೆ ತಿಳಿಯಾಗಿ, ಪಡುವಣಕ್ಕೆ ಬೂದಿಯಾಗಿತ್ತು. ಸರೋಜಕ್ಕ ಗಂಜಿಯ ಮಡಕೆಯ ಮುಂದೆ ಸ್ವಲ್ಪ ಹೊತ್ತು ನಿಂತಳು. ಹಾಕಿದ ಮೇಲೆ ನಿಲ್ಲಿಸುವ ಹಾಗಿಲ್ಲ. ಹಾಕದಿದ್ದರೆ ನೂಲು ವ್ಯಾಪಾರಿಗೆ ವಾಪಸ್ಸು, ಮಗ್ಗ ಖಾಲಿ. ಕೈ ಅದ್ದಿ ಚಿಮುಕಿಸಿಬಿಟ್ಟಳು.

ಹನುಮೇಶನನ್ನು ತುದಿಯ ಹಗ್ಗಕ್ಕೆ ನಿಲ್ಲಿಸಿದೆವು. ಗಂಗಮ್ಮನಿಗೆ ಒಂದು ಕುಂಚ. ಕುಂಚವನ್ನು ಒಂದೇ ದಿಕ್ಕಿಗೆ ಎಳೆದುಕೊಂಡು ನಡೆಯಬೇಕು, ಕೂದಲು ಬಾಚುವ ಹಾಗೆ. ಹೇಳಿದೆ. ಅವಳು ನಾಲ್ಕು ಹೆಜ್ಜೆ ಹಾಗೆ ನಡೆದು, ಆಮೇಲೆ ಉತ್ಸಾಹ ಹೆಚ್ಚಾಗಿ ಹಿಂದಕ್ಕೂ ಮುಂದಕ್ಕೂ ತಿಕ್ಕತೊಡಗಿದಳು, ನೆಲ ಒರೆಸುವ ಹಾಗೆ. ಆ ತುದಿಯಲ್ಲಿ ಹನುಮೇಶ ತೇರು ಎಳೆಯುವವನಂತೆ ಹಿಂದಕ್ಕೆ ವಾಲಿ ಹಗ್ಗ ಬಿಗಿದಿದ್ದ. ಪಟ್ ಪಟ್ ಎಂದು ಎಳೆಗಳು ಹರಿದವು. ಸರೋಜಕ್ಕ ಈ ಕಡೆ ಕಟ್ಟುವಷ್ಟರಲ್ಲಿ ಆ ಕಡೆ ಹರಿಯುತ್ತಿತ್ತು. ಅವಳು ಅವರನ್ನು ಬೈಯಲಿಲ್ಲ. ಅಷ್ಟು ದೂರದಿಂದ ಬಂದವರನ್ನು ಹೇಗೆ ಬೈಯುವುದು? ತುಟಿ ಕಚ್ಚಿಕೊಂಡು ಗಂಟು ಹಾಕುತ್ತಿದ್ದಳು.

ಬಾಗಿಲುಗಳು ತೆರೆದವು. ನೋಡಲು ಮಾತ್ರ. ಕಮಲತ್ತೆ ಹೊಸಿಲ ಮೇಲೆ ಕೈ ಕಟ್ಟಿ ನಿಂತಿದ್ದಳು. ಗಂಗಮ್ಮ ಕುಂಚವನ್ನು ಇನ್ನೊಮ್ಮೆ ಹಿಂದಕ್ಕೆ ತಿಕ್ಕಿದಳು. ಕಮಲತ್ತೆಯ ಕೈ ಬಿಚ್ಚಿಕೊಂಡಿತು. ಮತ್ತೆ ಕಟ್ಟಿಕೊಂಡಳು. ಗಂಗಮ್ಮ ಮತ್ತೆ ತಿಕ್ಕಿದಳು.

"ಅಯ್ಯಯ್ಯೋ! ನೂಲು ಸಾಯ್ತದೆ, ಏಯ್! ಹಂಗಲ್ಲ ಪುಳ್ಳೆ, ಹಂಗಲ್ಲ ಹುಡ್ಗಿ!"

ಕಮಲತ್ತೆ ಬೀದಿಗೆ ಇಳಿದು ಗಂಗಮ್ಮನ ಕೈಯಿಂದ ಕುಂಚ ಕಿತ್ತುಕೊಂಡಳು. ಹನುಮೇಶನಿಗೆ ಯಾರೋ, "ಯಪ್ಪಾ, ಅದು ಎತ್ತಲ್ಲ, ಪಾವು! ಸಡಿಲ ಬಿಡು!" ಎಂದು ಕೂಗುತ್ತಾ ಓಡಿ ಹಗ್ಗ ಹಿಡಿದರು. ಮಾವ ಮಂಡಿ ಹಿಡಿದುಕೊಂಡು ಬಂದು ಬಿದಿರಿನ ಕಾಲು ಸರಿಮಾಡಿದ. ಆಮೇಲೆ ಎಷ್ಟು ಜನ ಬಂದರೋ ನಾನು ಎಣಿಸಲಿಲ್ಲ. ಯಾರೂ ಸರೋಜಕ್ಕನಿಗಾಗಿ ಬಂದಂತೆ ಕಾಣಲಿಲ್ಲ. ತಪ್ಪಾಗಿ ಹಿಡಿದ ಪಾವನ್ನು ನೋಡುತ್ತಾ ನಿಲ್ಲುವುದು ಅವರ ಕೈಲಿ ಆಗಲಿಲ್ಲ.

ಮೊದಲು ಇಳಿದವಳು ಕಮಲತ್ತೆ ಎಂದು ನಾನು ಬರೆದಿದ್ದೇನೆ. ಮಾವ ಇದನ್ನು ಒಪ್ಪುವುದಿಲ್ಲ, ತಾನೇ ಮೊದಲು ಅನ್ನುತ್ತಾನೆ. ಬೀದಿಯಲ್ಲಿ ಇನ್ನೂ ಇಬ್ಬರು ತಾವೇ ಅನ್ನುತ್ತಾರೆ. ಆವತ್ತು ನನ್ನ ಫೋನು ಒಳಗೆ ಅಕ್ಕಿ ಡಬ್ಬದ ಮೇಲಿತ್ತು. ನೋಡಿ ತೀರ್ಮಾನಿಸಲು ಏನೂ ಇಲ್ಲ. ಅಮ್ಮ ಮಾತ್ರ ಒಂದು ಕಣ್ಣಿನಿಂದ ಎಲ್ಲ ನೋಡಿದವಳು. ಕೇಳಿದರೆ, ಎಲ್ಲರೂ ಒಟ್ಟಿಗೆ ಇಳಿದರು ಅನ್ನುತ್ತಾಳೆ. ಅದು ಆಗಿರಲಾರದು. ಆದರೆ ಅವಳು ಹಾಗೆ ಅಂದಾಗ ನಾನು ವಾದಿಸುವುದಿಲ್ಲ.

ಬಿಸಿಲು ಹೆಂಚಿನ ಅಂಚಿಗೆ ಬರುವಷ್ಟರಲ್ಲಿ ಪಾವು ಒಣಗಿ, ಒಂದೊಂದು ಎಳೆಯೂ ಬೇರೆಯಾಗಿ ನಿಂತಿತು. ಕೈಯಿಂದ ತಟ್ಟಿದರೆ ತಂತಿಯಂತೆ ಮಿಡಿಯುತ್ತಿತ್ತು. ಸುತ್ತಿ ಒಳಗಿಟ್ಟರು. ಗಂಗಮ್ಮನಿಗೆ ಕಮಲತ್ತೆ ಕೊನೆಯ ಹತ್ತು ಗಜ ಬಾಚಲು ಬಿಟ್ಟಿದ್ದಳು, ಹಿಂದಿನಿಂದ ಅವಳ ಮೊಣಕೈ ಹಿಡಿದುಕೊಂಡು.

ಇನ್ನು ಕಾಪಿ. ಬೀದಿಯವರು ಯಾರೂ ಬರುವುದಿಲ್ಲವೆಂದು ತಿಳಿದಿದ್ದ ಸರೋಜಕ್ಕ ನಾಲ್ಕೈದು ಲೋಟಕ್ಕಾಗುವಷ್ಟೇ ಹಾಲು ತಂದಿದ್ದಳು. ಪಾತ್ರೆ ನೋಡಿದಳು, ಬೀದಿ ನೋಡಿದಳು. ತನ್ನ ಪಾವಿನ ದಿನ ತನ್ನ ಮನೆಯಲ್ಲಿ ಕಾಪಿ ಸಾಲದೆ ಹೋಗುವುದೆಂದರೆ ಏನೆಂದು ಆ ಬೀದಿಯ ಹೆಂಗಸರಿಗೇ ಗೊತ್ತು. ಜನ ತಿಣ್ಣೆಗಳ ಮೇಲೆ ಕೂತು ಕೈಯ ಗಂಜಿ ಉಜ್ಜಿಕೊಳ್ಳುತ್ತಾ, ಗಂಗಮ್ಮನ ಶೇಂಗಾ ಬಿಡಿಸುತ್ತಾ, ಬೇರೆ ಎಲ್ಲೋ ನೋಡುತ್ತಿದ್ದರು.

ಕಮಲತ್ತೆ ಎದ್ದು ತನ್ನ ಮನೆಯೊಳಕ್ಕೆ ಹೋದಳು. ಹೋದಳು, ಮುಗಿಯಿತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ದೊಡ್ಡ ಪಾತ್ರೆಯನ್ನು ಸೆರಗಿನಿಂದ ಹಿಡಿದುಕೊಂಡು ಬೀದಿ ದಾಟಿ ಬಂದು, ಸರೋಜಕ್ಕನ ತಿಣ್ಣೆಯ ಮೇಲೆ ಇಟ್ಟಳು. ಮೊದಲ ಲೋಟ ತುಂಬಿ ಸರೋಜಕ್ಕನ ಮುಂದೆ ಚಾಚಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸರೋಜಕ್ಕ ತೆಗೆದುಕೊಂಡು ಒಂದು ಗುಟುಕು ಕುಡಿದಳು.

"ಸಕ್ಕರೆ ಸಾಲ್ದು," ಅಂದಳು.

"ನಿನ್ನ ಬಾಯಿಗೆ ಮೂಟೆ ಸುರಿದ್ರೂ ಸಾಲ್ದು, ಕುಡಿ," ಅಂದಳು ಕಮಲತ್ತೆ.